ಮೂಗುಬೊಟ್ಟಿನ ರಾಕ್ಷಸಿ

ಪಾವಗಡ
ಭಾನುವಾರ, ೧೭ ನವೆಂಬರ್ ೨೦೨೪

ಪ್ರೀತಿಯ ರೀ,

ಮೊದಲು ‘ಪ್ರೀತಿಯ ಯುವರಾಜ್ ಅವರಿಗೆ’ ಅಂತ ಬರೆದೆ. ಓದಿ ನೋಡಿದರೆ ನಮ್ಮ ಬಿ.ಇ.ಓ. ಆಫೀಸಿನ ಸುತ್ತೋಲೆ ಥರ ಇತ್ತು. ಹೊಡೆದು ಹಾಕಿದ್ದೀನಿ, ಮೇಲೆ ಕಾಣುವ ಗೀಚು ಅದೇ.

ಜೈ ಭೀಮ್. ಹೇಗಿದ್ದೀರಾ? ಕೆಮ್ಮು ಪೂರ್ತಿ ಹೋಯಿತಾ? ಮರಳುಗಾಡು ಅಂದರೆ ಬೆಂಕಿ ಬಿಸಿಲು ಅಂದುಕೊಂಡು ತೆಳುವಾದ ಅಂಗಿಗಳನ್ನೇ ಆರಿಸಿ ಆರಿಸಿ ತುಂಬಿ ಕಳಿಸಿದ್ದು ನಾನು. ಈಗ ನೋಡಿದರೆ ಕಂಪನಿ ನಿಮ್ಮನ್ನ ಕಳಿಸಿರುವ ರಾಜಸ್ಥಾನದಲ್ಲಿ ಬೆಳಿಗ್ಗೆ ಹೊತ್ತು ಹಲ್ಲು ಕಟಕಟ ಅನ್ನುವಷ್ಟು ಚಳಿಯಂತೆ. ಸ್ವೆಟರ್ ಕಳಿಸಿದ್ದೀನಿ, ಜೊತೆಗೆ ರಾಗಿ ಹಿಟ್ಟು. ಮೆಸ್ಸಿನ ಭಟ್ಟನಿಗೆ ಮುದ್ದೆ ತೊಳಸಲು ಕಲಿಸುತ್ತೀನಿ ಅಂತ ಹೋಗಬೇಡಿ, ನಿಮಗೇ ಬರಲ್ಲ. ಅಂಬಲಿ ಮಾಡಿಕೊಂಡು ಕುಡಿಯಿರಿ. ನಾನು ಚೆನ್ನಾಗಿದ್ದೀನಿ. ಸ್ಕೂಲಿನಲ್ಲಿ ಎರಡನೇ ಕ್ಲಾಸಿನ ಅರ್ಧ ಮಕ್ಕಳಿಗೆ ನೆಗಡಿ, ಹಾಗಾಗಿ ನನಗೂ ಅರ್ಧ ನೆಗಡಿ.

ದಿನಾ ಫೋನಿನಲ್ಲಿ ಮಾತಾಡುತ್ತೀವಲ್ಲ, ಪತ್ರ ಯಾಕೆ ಅಂತ ಕೇಳುತ್ತೀರಿ. ನನ್ನ ಫೋನಿನದು ನಿಮಗೇ ಗೊತ್ತು, ಕಿವಿಗೆ ಇಟ್ಟುಕೊಂಡರೆ ಗೊರ ಗೊರ ಅನ್ನುತ್ತೆ, ಸ್ಪೀಕರ್ ಹಾಕಿದರೆ ಆಚೆ ಮನೆ ಇಂದ್ರಮ್ಮನವರೆಗೂ ಕೇಳುತ್ತೆ. ಪಕ್ಕದಲ್ಲೇ ಮಾವ ಕೂತಿರುತ್ತಾರೆ. ಈ ಸುದ್ದಿಯನ್ನ ಅವರ ಮುಂದೆ ಹೇಳುವುದಕ್ಕೆ ಆಗಲ್ಲ, ಹೇಳದೆ ಇರುವುದಕ್ಕೂ ಆಗಲ್ಲ. ಸುದ್ದಿ ನಿಮ್ಮ ಟ್ರೋಲಿನದು. ಹೌದು, ನೀವು ಆಟಕ್ಕೆ ಅಂತ ತರಿಸಿದ್ದ ಆ ದೊಡ್ಡ ರಾಕ್ಷಸ ಗೊಂಬೆಯದೇ. ಕೂತುಕೊಂಡು ಓದಿ. ಪೂರ್ತಿ ಓದಿದ ಮೇಲೆ ಸಿಟ್ಟು ಮಾಡಿಕೊಳ್ಳಿ, ನಡುವೆ ಬೇಡ.

ನೀವು ಹೊರಟಾಗ ಮಾವ ಹೇಗಿದ್ದರು ಅಂತ ನಾನು ನೆನಪಿಸಬೇಕಾಗಿಲ್ಲ. ಅತ್ತೆ ಹೋದ ಮೇಲೆ ಅವರನ್ನ ಬಲಸಮುದ್ರದಿಂದ ಇಲ್ಲಿಗೆ ಕರೆದುಕೊಂಡು ಬಂದೆವು, ಸರಿ. ಆದರೆ ಬಂದಿದ್ದು ಕದಿರಯ್ಯ ಮೇಷ್ಟ್ರಲ್ಲ, ಅವರ ಅಂಗಿ ಪಂಚೆ ಮಾತ್ರ. ಕ್ರೀಡಾಕೂಟದಲ್ಲಿ ಮೈಕ್ ಕೆಟ್ಟರೆ ‘ಕದಿರಯ್ಯನವರನ್ನ ಕರೀರಿ’ ಅನ್ನುತ್ತಿದ್ದರಂತೆ, ಅಂಥ ಪಿ.ಟಿ. ಮೇಷ್ಟ್ರು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ಊಟಕ್ಕೆ ಏಳ್ತೀರಾ ಅಂದರೂ ‘ಊಂ’, ಸಾಕಾ ಅಂದರೂ ‘ಊಂ’. ನೋವಾಗುತ್ತೆ ಅಂತ ಅತ್ತೆಯ ಹೆಸರನ್ನೇ ನಾವಿಬ್ಬರೂ ಅವರ ಮುಂದೆ ಎತ್ತುತ್ತಿರಲಿಲ್ಲ. ಇದ್ದಷ್ಟು ಮಾತೂ ನಿಮ್ಮ ಗೊಂಬೆ ಜಗಳಕ್ಕೆ ಖರ್ಚಾಗಿ ಹೋಯಿತು. ‘ಮೀಸೆ ಬಂದೋನು ಭಾನ್ವಾರ ಆದ್ರೆ ಗೊಂಬೆ ಮುಂದಿಟ್ಕಂಡು ಕೂತ್ಕತಾನೆ, ಇದೂ ಒಂದು ಆಟವಾ?’ ಅಂತ ಅವರು ಅಂದಿದ್ದು, ನೀವು ಗೊಂಬೆಗಳನ್ನೆಲ್ಲ ಡಬ್ಬಕ್ಕೆ ತುಂಬಿ ಬೀರು ಮೇಲಿಟ್ಟು, ಮುಖ ಊದಿಸಿಕೊಂಡೇ ರೈಲು ಹತ್ತಿದ್ದು, ಎಲ್ಲ ನನ್ನ ಕಣ್ಣಿಗೆ ಕಟ್ಟಿದಂತಿದೆ. ಇಬ್ಬರದೂ ಒಂದೇ ಮೂತಿ. ಊದಿದಾಗ ಇನ್ನೂ ಒಂದೇ.

ಪಾರ್ಸೆಲ್ ಬಂದಿದ್ದು ದಸರಾ ರಜೆಯಲ್ಲಿ. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಮಾವ ಸೈನ್ ಹಾಕಿ ತೆಗೆದುಕೊಂಡು, ಬಿ.ಪಿ. ಮಾತ್ರೆ ಇರಬೇಕು ಅಂತ ಬಿಚ್ಚಿದ್ದಾರೆ. ಒಳಗೆ ಬೂದು ಬಣ್ಣದ ಒಂದು ಹೊಟ್ಟೆ, ಬೇರೆ ಬೇರೆಯಾದ ಕೈಕಾಲು, ನಾಲಿಗೆ ಕಚ್ಚಿಕೊಂಡಿರುವ ಒಂದು ತಲೆ. ನಾನು ಸೋಪಿನ ಕೈಯಲ್ಲೇ ಓಡಿ ಬಂದು ನೋಡಿದರೆ, ಮಾವ ಬೀದಿ ತುದಿಯಲ್ಲಿ ಕೊರಿಯರ್‌ನವನ ಬೈಕಿನ ಹಿಂದೆ! “ಲೇ, ನಿಲ್ಲಲಾ! ಒಡ್ದೋಗಿರೋ ಮಾಲು ಕೊಟ್ಟು ಸೈನ್ ಹಾಕಿಸ್ಕಂಡು ಓಡ್ತೀಯಾ? ಕೈ ಒಂದ್ಕಡೆ, ಕಾಲೊಂದ್ಕಡೆ! ಏಮಿ ಇದಿ? ಇದೇನು ಪಾರ್ಸಲ್ಲಾ, ಪೋಸ್ಟ್‌ಮಾರ್ಟಮ್ಮಾ?” ಇಷ್ಟು ತಿಂಗಳಲ್ಲಿ ಅವರ ಬಾಯಿಂದ ಬಂದ ಅತಿ ಉದ್ದದ ಮಾತು ಅದು. ಕೊರಿಯರ್‌ನವನು ಹೆದರಿ ನಿಂತಿದ್ದ. ನನಗೆ ಅವನನ್ನ ಕಾಪಿ ಕುಡಿದು ಹೋಗಪ್ಪ ಅನ್ನುವಷ್ಟು ಸಂತೋಷ.

ಸಂಜೆ ತಿಪ್ಪೇಶ್ ಬಂದ. ಇಲ್ಲಿನ ಸೋಲಾರ್ ಪ್ಲಾಂಟಿನಲ್ಲಿ ನಿಮ್ಮ ಪಾಳಿಯನ್ನೂ ತಾನೇ ನೋಡಿಕೊಳ್ಳುತ್ತಿದ್ದಾನಂತೆ, ಸೊರಗಿದ್ದಾನೆ. ಪಾರ್ಸೆಲ್ ನೋಡಿ ಅವನ ಕಣ್ಣು ಅರಳಿತು. “ಅಕ್ಕಾ, ಇದು ಒಡೆದಿಲ್ಲ, ಅಂಟಿಸಿ ಬಣ್ಣ ಹಚ್ಚಬೇಕು. ಮಧುಗಿರಿಯಲ್ಲಿ ಈ ಗೊಂಬೆ ಆಟದ ಲೀಗಿನ ಕೊನೇ ಮ್ಯಾಚು. ಬಣ್ಣ ಹಚ್ಚದ ಗೊಂಬೇನ ಲೀಗ್ ನಡೆಸೋ ಪರಮೇಶ್ ಸರ್ ಆಡಿಸಲ್ಲ. ಯುವಣ್ಣನ ಬದಲು ಮನೆಯವರು ಆಡಬಹುದು ಅಂತ ಒಪ್ಪಿದಾರೆ” ಅಂದ. ನೀನೇ ಆಡಪ್ಪ ಅಂದೆ. ಅವನಿಗೆ ಅವನದೇ ಇಲಿಮೂತಿಯವರ ತಂಡ ಇದೆಯಂತೆ, ಅದು ಮೊದಲ ಸುತ್ತಿನಲ್ಲೇ ಸೋತಿದೆಯಂತೆ, ಸೋತವನು ಇನ್ನೊಬ್ಬರ ತಂಡ ಆಡಿಸುವ ಹಾಗಿಲ್ಲವಂತೆ. ಹೀಗೆ, ಚೌಕಾಬಾರದಲ್ಲೂ ಸೋಲುವ ನಾನು, ನಿಮ್ಮ ‘ನಿಡಗಲ್ ರಾಕ್ಷಸರು’ ತಂಡಕ್ಕೆ ಕ್ಯಾಪ್ಟನ್ ಆದೆ.

ಅಂಟಿಸುವ ಕೆಲಸ ತಿಪ್ಪೇಶನದು. ಇನ್ನು ಸ್ವಲ್ಪ ಕೆಟ್ಟ ಸುದ್ದಿ. ಗಮ್ಮಿನಲ್ಲಿ ಅವನ ತೋರುಬೆರಳು ಟ್ರೋಲಿನ ಹಿಂಭಾಗಕ್ಕೆ ಅಂಟಿಕೊಂಡಿತು. ಎಳೆದರೆ ಚರ್ಮ ಬರುತ್ತೆ. ಅವನು ಹಾಗೇ ಡ್ಯೂಟಿಗೆ ಹೋಗುವುದು ಹೇಗೆ? ನಾನು ಉಗುರುಬಣ್ಣ ಅಳಿಸುವ ದ್ರಾವಣ ಹಚ್ಚಿದೆ. ಬೆರಳು ಬಂತು. ಜೊತೆಗೆ ಟ್ರೋಲಿನ ಒಂದು ಕುಂಡೆಯೂ ಕರಗಿ ನುಣ್ಣಗಾಯಿತು. ಇನ್ನೊಂದು ಹಾಗೇ ಗಟ್ಟಿಮುಟ್ಟಾಗಿದೆ. ಮುಂದಿನಿಂದ ನೋಡಿದರೆ ಏನೂ ಗೊತ್ತಾಗಲ್ಲ. ಆಟಗಾರನನ್ನ ಹಿಂದಿನಿಂದ ನೋಡುವವರು ಯಾರು ಹೇಳಿ.

ಇಷ್ಟೂ ಹೊತ್ತು ಮಾವ ಕುರ್ಚಿಯಲ್ಲೇ ಇದ್ದರು. ಕಣ್ಣು ಮಾತ್ರ ಟೇಬಲ್ ಮೇಲೆ. ಕೊನೆಗೆ, “ಯಾವ ಆಟಲಾ ಅದು?” ಅಂತ ಕೇಳಿದರು. ತಿಪ್ಪೇಶ್ ಬೋರ್ಡ್ ಹಾಸಿ ವಿವರಿಸಿದ. ಇದು ಮೈದಾನ, ಈ ಕಡೆ ಒಂದು ತಂಡ, ಆ ಕಡೆ ಒಂದು, ದಾಳ ಹಾಕಿ ನಡೆಸೋದು, ಚೆಂಡನ್ನ ಎದುರಿನವರ ಗೆರೆ ದಾಟಿಸಿದರೆ ಪಾಯಿಂಟು, ಅಡ್ಡ ಬಂದವರನ್ನ ಗುದ್ದಬಹುದು. “ಕಬಡ್ಡಿ” ಅಂದರು ಮಾವ. “ಹೂಂ ಸಾರ್, ಆದರೆ ಮನುಷ್ಯರಲ್ಲ, ರಾಕ್ಷಸರು.” ಮಾವ ಟ್ರೋಲನ್ನ ಕೈಗೆತ್ತಿಕೊಂಡರು. ಹೆಬ್ಬೆರಳಿಗಿಂತ ಸ್ವಲ್ಪ ಎತ್ತರ, ಮಡಕೆ ಹೊಟ್ಟೆ, ತಲೆಗೆ ಸಾಲದ ಒಂದು ಹೆಲ್ಮೆಟ್ಟು, ಎತ್ತಿ ಹಿಡಿದ ಬಲಗೈ. ಆ ಕೈಯ ಮುಷ್ಟಿಯಲ್ಲಿ, ಬೇಕಾದಾಗ ತೆಗೆದು ಪಕ್ಕಕ್ಕೆ ನಿಲ್ಲಿಸಬಹುದಾದ, ಚೆಂಡು ತಬ್ಬಿಕೊಂಡು ಕಾಲು ಬಡಿಯುತ್ತಿರುವ ಒಬ್ಬ ಕುಳ್ಳ.

“ಇವನ್ಯಾರು? ಎದುರಾಳಿನಾ?”

“ಇಲ್ಲ ಸಾರ್, ಇವನ ಟೀಮಿನೋನೇ. ಗಾಬ್ಲಿನ್ನು. ಟ್ರೋಲು ಅವನನ್ನ ಚೆಂಡಿನ ಸಮೇತ ಎತ್ತಿ ಗೆರೆ ಕಡೆಗೆ ಎಸೀತದೆ.”

“ಸೊಂತ ಟೀಮಿನೋನ್ನೇ ಎಸೀತದಾ? ಯಾವ ರೂಲ್ ಬುಕ್‌ನಾಗೈತೆ?”

“ಐತೆ ಸಾರ್. ಆದರೆ ಟ್ರೋಲಿಗೆ ಬುದ್ಧಿ ಕಮ್ಮಿ. ಒಂದೊಂದು ಸಲ ಏನು ಮಾಡ್ಬೇಕು ಅನ್ನೋದೇ ಮರೆತು ನಿಂತ್ಬಿಡ್ತದೆ.”

“ಮರೆತ್ರೆ ಸರಿ. ಮರೀದಿದ್ರೆ?”

“ದಾಳದಲ್ಲಿ ಒಂದು ಬಿದ್ರೆ, ಹಸಿವಾಗಿ ಎಸೆಯೋ ಬದಲು ತಿಂದ್ಬಿಡ್ತದೆ ಸಾರ್.”

ಮಾವ ಟ್ರೋಲನ್ನ ನೋಡಿದರು. ಕುಳ್ಳನನ್ನ ನೋಡಿದರು. ಮೂಗಿನಿಂದ ಒಂದು ಥರ ಸದ್ದು ಬಂತು. ಕೆಮ್ಮು ಅಂದುಕೊಂಡು ನಾನು ನೀರು ತರಲು ಎದ್ದೆ. ಕೆಮ್ಮಲ್ಲ ರೀ, ನಗು. ತುಕ್ಕು ಹಿಡಿದ ಗೇಟು ತೆಗೆದ ಹಾಗಿತ್ತು. “ತಿಂದ್ಬುಡ್ತದಂತೆ!” ಅಂತ ತಮಗೆ ತಾವೇ ಇನ್ನೊಂದು ಸಲ ಹೇಳಿಕೊಂಡು ಮುಖ ಒರೆಸಿಕೊಂಡರು.

ಮೊದಲು ಕಪ್ಪು ಸ್ಪ್ರೇ ಹೊಡೆಯಬೇಕು, ಮನೆಯೊಳಗೆ ಬೇಡ ಅಂತ ಡಬ್ಬಿಯ ಮೇಲೇ ಬರೆದಿತ್ತು. ತಾರಸಿ ಮೇಲೆ ಹೊಡೆದೆ. ನಮ್ಮೂರಿನ ಗಾಳಿ ಡಬ್ಬಿಯ ಮೇಲೆ ಬರೆದವರಿಗೆ ಗೊತ್ತಿಲ್ಲ. ಟ್ರೋಲಿಗೆ ಬಿದ್ದಿದ್ದು ಅರ್ಧ, ಉಳಿದದ್ದು ಇಂದ್ರಮ್ಮ ಪಕ್ಕದ ತಾರಸಿಯಲ್ಲಿ ಒಣಗಲು ಹಾಕಿದ್ದ ಕಡ್ಲೆಕಾಯಿ ಮೇಲೆ. ಸ್ವಲ್ಪ ಹೊತ್ತಿಗೆ ಇಂದ್ರಮ್ಮ ಮೊರದಲ್ಲಿ ಕಾಯಿ ಹಿಡಿದು ಬಂದು, “ನೋಡಮ್ಮ, ಎಲ್ಲಾ ಕಪ್ಪು ಚುಕ್ಕೆ. ನಿಮ್ಮೆಜಮಾನ್ರ ಸೋಲಾರಿಂದ ಏನಾದ್ರೂ ಬೂದಿ ಗೀದಿ ಬರ್ತದಾ?” ಅಂದರು. ಮಾವ ಕುರ್ಚಿಯಿಂದಲೇ, ಮುಖ ಒಂದಿಷ್ಟೂ ಅಲುಗಾಡಿಸದೆ, “ಟಿಕ್ಕಾ ರೋಗ ಕಣಮ್ಮ. ಎಲೇಗೆ ಬರ್ತಿತ್ತು, ಈಗ ಕಾಯ್ಗೂ ಇಳ್ದದೆ” ಅಂದುಬಿಟ್ಟರು. ಜೀವಮಾನವೆಲ್ಲ ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂದ ಮನುಷ್ಯ! ಮಾರನೇ ದಿನ ಒಂದು ಬಟ್ಟಲು ಪಾಯಸ ತೆಗೆದುಕೊಂಡು ಹೋಗಿ ನಿಜ ಹೇಳಿದೆ. ಅವರು ಆಗಲೇ ಸಿಪ್ಪೆ ಸುಲಿದು ಹುರಿದು ತಿಂದಿದ್ದರು. “ಒಳಗೆ ಚೆನ್ನಾಗೇ ಇತ್ತು ಬುಡು” ಅಂದರು.

ಆಮೇಲೆ ಮೈಗೆ ಹಸಿರು. ಬ್ರಷ್ಷಿನಲ್ಲಿ ನಾಲ್ಕು ಕೂದಲು ಇಲ್ಲ, ಹಸಿರು ಎಲ್ಲೆಲ್ಲೋ ಹೋಗುತ್ತೆ. ಮಾವ ತಮ್ಮ ಕುರ್ಚಿಯನ್ನ ಬಾಗಿಲಿಂದ ಟೇಬಲ್ ಹತ್ತಿರಕ್ಕೆ ಎಳೆದುಕೊಂಡರು. ಎಳೆದಿದ್ದನ್ನ ನಾನು ನೋಡಿದೆ, ನೋಡದವಳ ಹಾಗೆ ಬಣ್ಣ ಹಚ್ಚುತ್ತಾ ಇದ್ದೆ. ಮೊದಲು ಹಸಿರು ಯಾಕೆ ಅಂದರು. ಆಮೇಲೆ, ನಿಂತಿರುವ ನಿಲುವೇ ತಪ್ಪು, ಬಲಗೈಯಲ್ಲಿ ಎಸೆಯುವವನು ಎಡಗಾಲು ಮುಂದಿಡಬೇಕು, ಇಷ್ಟೂ ಹೇಳಿಕೊಡದೆ ಯಾವನು ಇವನನ್ನ ಟೀಮಿಗೆ ತೆಗೆದುಕೊಂಡ ಅಂದರು. ನನಗೆ ಅರ್ಥವಾಗಲಿಲ್ಲ ಅಂದೆ. ಅರ್ಥವಾಗಿತ್ತು. ಅವರು ಎದ್ದರು ರೀ. ಪಂಚೆ ಎತ್ತಿ ಕಟ್ಟಿ, ಹಜಾರದ ನಡುವೆ ಎಡಗಾಲು ಮುಂದಿಟ್ಟು, ಬಲಗೈ ಮೇಲೆತ್ತಿ, ನಾಲಿಗೆ ಕಚ್ಚಿ ನಿಂತು ತೋರಿಸಿದರು. ಬೆನ್ನು ನೆಟ್ಟಗೆ. ಹಾಲು ಕೊಡಲು ಬಂದವನು ಬಾಗಿಲಲ್ಲೇ ನಿಂತುಬಿಟ್ಟ.

ಹಾಗೆ ನಿಂತವರು ಕೈ ಇಳಿಸಲಿಲ್ಲ. ಕಣ್ಣು ಟ್ರೋಲಿನ ಮೇಲೆ ನೆಟ್ಟಿತು. ಹತ್ತಿರ ಬಂದು ಬಗ್ಗಿ, ಪೇಪರ್ ಓದುವ ಭೂತಕನ್ನಡಿ ಹಿಡಿದು ನೋಡಿದರು.

“ಸಹನಾ, ಇದು ಯಾರಂಗದೆ ಗೊತ್ತಾ?”

ನಾನು, ನಿಮ್ಮ ಹಾಗೇ ಇದೆ ಮಾವ, ಈಗ ನಿಂತಿದ್ರಲ್ಲ, ಅಂದೆ.

“ನಾನಲ್ಲ ಕಣಮ್ಮ. ನಿಮ್ಮತ್ತೆ.”

ರೀ, ಇಲ್ಲಿ ಸಿಟ್ಟು ಮಾಡಿಕೊಳ್ಳಬೇಡಿ ಅಂತಲೇ ಮೊದಲೇ ಹೇಳಿದ್ದು. ನಿಮ್ಮ ತಾಯಿಯನ್ನ ಟ್ರೋಲ್ ಅಂದಿದ್ದು ನಾನಲ್ಲ, ನಿಮ್ಮ ತಂದೆ. ಇಷ್ಟು ದಿನ ಮುಚ್ಚಿಟ್ಟ ಹೆಸರು ಹೀಗೆ ಗೊಂಬೆಯ ನೆಪದಲ್ಲಿ ಹೊರಗೆ ಬಂತಲ್ಲ, ಇನ್ನೇನು ಎದ್ದು ಹೋಗಿ ಮಲಗಿಬಿಡುತ್ತಾರೆ ಅಂದುಕೊಂಡೆ. ಅವರು ಕೂತರು, ಕೂತು ಹೇಳಿದರು. ನೀವು ಹುಟ್ಟುವುದಕ್ಕೂ ಮುಂಚಿನ ಕಥೆ. ಸಿರಾದಲ್ಲಿ ಖೋಖೋ ಗೆದ್ದು, ಬಸ್ಸು ತಪ್ಪಿ, ಇಡೀ ಹುಡುಗಿಯರ ಟೀಮನ್ನ ಹೇಳದೆ ಕೇಳದೆ ಬಲಸಮುದ್ರದ ಮನೆಗೆ ಕರೆದುಕೊಂಡು ಹೋಗಿದ್ದಾರೆ. ಮನೆಯಲ್ಲಿ ಹಿಟ್ಟಿಲ್ಲ. “ಬಾಗ್ಲಲ್ಲೇ ನನ್ ಕಾಲರ್ ಹಿಡ್ಕಂಡ್ಳು. ನಾನಾಗ ಕಡ್ಡಿ, ಅವ್ಳು ಹೆಂಗಿದ್ಲು ನಿಂಗೇ ಗೊತ್ತಲ್ಲ. ಇಂಗೇ ಕೈ ಎತ್ತಿ, ಇಂಗೇ ನಾಲ್ಗೆ ಕಚ್ಚಿ, ನೆಲದಿಂದ ಮೇಲಕ್ಕೆ ಎತ್ಬುಟ್ಲು ನನ್ನ! ಆ ಹುಡ್ಗೀರೆಲ್ಲ ಚಪ್ಪಾಳೆ. ಟ್ರೋಫಿ ನನ್ ಕೈಯಾಗೇ ಅದೆ, ಬುಟ್ಟಿಲ್ಲ. ಆಮ್ಯಾಕೆ ನನ್ನ ಇಳ್ಸಿ, ಬೀದಿನಾಗೆಲ್ಲ ತಿರುಗಿ ಹಿಟ್ಟು ತಂದು, ಅಷ್ಟೂ ಜನಕ್ಕೂ ಮುದ್ದೆ ಮಾಡಿ ಹಾಕಿದ್ಲು. ನಂಗೆ ಮಾತ್ರ ಕೊನೇಗೆ.” ಆಮೇಲೆ ಬೆರಳ ತುದಿಯಿಂದ ಟ್ರೋಲಿನ ಮುಷ್ಟಿಯಲ್ಲಿದ್ದ ಕುಳ್ಳನನ್ನ ಮುಟ್ಟಿ, “ಇದು ನಾನು” ಅಂದರು.

ಅಲ್ಲಿಂದ ನನ್ನ ಕೈಲಿ ಕೆಲಸ ಉಳಿಯಲಿಲ್ಲ. ಬಣ್ಣ ಹಚ್ಚುವುದು ನಾನು, ಹೇಳುವುದು ಅವರು. ಮೂಗಿಗೆ ಎರಡೂ ಕಡೆ ಮೂಗುಬೊಟ್ಟು ಬೇಕು ಅಂದರು, ಗುಂಡುಪಿನ್ನಿನ ತಲೆಯಲ್ಲಿ ಚಿನ್ನದ ಬಣ್ಣ ಅದ್ದಿ ಇಟ್ಟೆವು. ಬಟ್ಟೆಗೆ ನಿಮ್ಮ ತಂಡದ ನೀಲಿ. ಆ ನೀಲಿ ನೋಡಿ, ಗೋಡೆ ಮೇಲಿನ ಬಾಬಾಸಾಹೇಬರ ಕೋಟು ನೋಡಿ, “ಬಣ್ಣ ಒಂದು ಸರಿಯಾಗಿ ಆರಿಸವ್ನೆ ನಿನ್ ಗಂಡ” ಅಂದರು. ಇದನ್ನ ಎರಡು ಸಲ ಓದಿಕೊಳ್ಳಿ, ನಿಮ್ಮ ಆಟದ ಬಗ್ಗೆ ಅವರ ಬಾಯಿಂದ ಬಂದ ಮೊದಲ ಒಳ್ಳೇ ಮಾತು. ತೆಳ್ಳಗೆ ಕಲಸಿದ ಕಂದು ಬಣ್ಣ ಬಳಿದರೆ ಅದು ಸುಕ್ಕುಗಳ ಒಳಗೆ ಇಳಿದು ನೆರಳಾಗುತ್ತೆ ಅಂತ ತಿಪ್ಪೇಶ್ ಹೇಳಿಕೊಟ್ಟಿದ್ದ. ಬಳಿದ ಕೂಡಲೇ ಆ ಮುಖಕ್ಕೆ ಜೀವ ಬಂತು, ಹುಬ್ಬಿನ ಗಂಟು, ಗಲ್ಲದ ಗೆರೆ, ಎಲ್ಲ ಎದ್ದು ಕೂತವು. ಕಣ್ಣು ಮಾತ್ರ ನನ್ನಿಂದ ಆಗಲಿಲ್ಲ. ಹಲ್ಲುಕಡ್ಡಿಯಲ್ಲಿ ಬಿಳಿ ಇಟ್ಟು ಕಪ್ಪು ಇಟ್ಟರೆ ಒಂದು ಕಣ್ಣು ಮಧುಗಿರಿ ಕಡೆ, ಇನ್ನೊಂದು ರಾಜಸ್ಥಾನದ ಕಡೆ. ಅಳಿಸಿ, ಬರೆದು, ಅಳಿಸಿ ಸಾಕಾಯಿತು. ಕೊನೆಗೆ ಮಾವ, “ಬುಡು, ಅವ್ಳು ಸಿಟ್ಟು ಬಂದಾಗ ಎದುರ್ಗಿರೋರ್ನೂ ನೋಡ್ತಿದ್ಲು, ಒಲೆ ಮ್ಯಾಲಿರೋದ್ನೂ ನೋಡ್ತಿದ್ಲು” ಅಂದರು. ಹಾಗೇ ಬಿಟ್ಟೆವು. ಕುಳ್ಳನಿಗೆ ಒಂದು ಮೀಸೆ ಬರೆದಿದ್ದು ಮಾವನೇ. ಉಸಿರು ಹಿಡಿದು, ಒಂದೇ ಎಳೆ. ತಮ್ಮದಕ್ಕಿಂತ ದಪ್ಪ ಮೀಸೆ.

ತಿಪ್ಪೇಶ್ ನೋಡಿ, “ಅಕ್ಕಾ, ಟ್ರೋಲು ಗಂಡಲ್ವಾ? ಮೂಗುಬೊಟ್ಟು ಯಾಕೆ?” ಅಂದ. ಮಾವ, “ಯಾರ್ಲಾ ಹೇಳಿದ್ದು ಗಂಡು ಅಂತ? ಸೊಂತದೋರ್ನೆ ಎತ್ತಿ ಎಸ್ದು ಗೆಲ್ಲಿಸೋದು ಗಂಡಸ್ರ ಕೈಲಾದೀತಾ?” ಅಂದರು.

ಹೋದ ಭಾನುವಾರ ಮ್ಯಾಚು. ನಾನು ಬರ್ತೀನಿ ಅಂತ ಮಾವ ಹೇಳಲಿಲ್ಲ, ಬೆಳಿಗ್ಗೆ ಎದ್ದು ನೋಡಿದರೆ ಶೇವ್ ಮಾಡಿಕೊಂಡು ಬೂಟು ಹಾಕಿಕೊಂಡು ಕೂತಿದ್ದರು. ಟ್ರೋಲನ್ನ ಹತ್ತಿಯಲ್ಲಿ ಸುತ್ತಿ ಟಿಫನ್ ಡಬ್ಬಿಯಲ್ಲಿ ಹಾಕಿ ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಬಂದರು. ಪಕ್ಕದ ಸೀಟಿನವರು ಏನ್ ಸಾರ್ ತಿಂಡಿ ಅಂದಿದ್ದಕ್ಕೆ, “ನಮ್ಮನೆಯೋರು” ಅಂದರು. ಆ ಮನುಷ್ಯ ಮುಂದಿನ ಸ್ಟಾಪಿನಲ್ಲಿ ಜಾಗ ಬದಲಾಯಿಸಿದ.

ಮ್ಯಾಚು ಪರಮೇಶ್ ಸರ್ ಅವರ ಟ್ಯುಟೋರಿಯಲ್ ಹಾಲಿನಲ್ಲಿ. ಮೂರ್ನಾಲ್ಕು ಊರಿನವರು ಸೇರಿದ್ದರು, ಸಿರಾದಿಂದಲೂ ಒಂದು ಗುಂಪು ಬಂದಿತ್ತು. ನಮ್ಮ ಎದುರಾಳಿ ಮಧುಗಿರಿಯ ಲೋಹಿತಾ, ಬ್ಯಾಂಕಿನಲ್ಲಿ ಕೆಲಸ, ಚೂಪುಕಿವಿಯ ಎಲ್ಫ್‌ಗಳ ತಂಡ. ಅವರ ಗೊಂಬೆಗಳನ್ನ ನೋಡಿದರೆ ನೀವೂ ಕೈಮುಗಿಯುತ್ತೀರಿ, ಒಂದೊಂದರ ರೆಪ್ಪೆಯೂ ಕಾಣುತ್ತೆ. ಅವುಗಳ ಮುಂದೆ ನಮ್ಮ ಟ್ರೋಲು ಜಾತ್ರೆಯಲ್ಲಿ ಕಳೆದುಹೋದ ಎಮ್ಮೆ ಹಾಗೆ ನಿಂತಿತ್ತು. ಲೋಹಿತಾ ಅದನ್ನ ಬಗ್ಗಿ ನೋಡಿ, ಹಿಂದಕ್ಕೂ ತಿರುಗಿಸಿ ನೋಡಿ (ಹೌದು, ಹಿಂದಿನಿಂದ ನೋಡುವವರೂ ಇದ್ದಾರೆ), ನಕ್ಕು, “ಇವರು ಯಾರೋ ನಿಜವಾದವರು ಅನ್ಸತ್ತೆ” ಅಂದರು.

ಆಟ ಹೇಗಾಯಿತು ಅಂತ ತಿಪ್ಪೇಶ್ ನಿಮಗೆ ಒಂದೊಂದು ದಾಳವನ್ನೂ ಹೇಳುತ್ತಾನೆ, ನನಗೆ ಬರಲ್ಲ. ಮಾವ ನೋಡುವವರ ಸಾಲಿನಲ್ಲಿ ಸುಮ್ಮನೆ ಕೂರಬೇಕು ಅಂತ ಷರತ್ತಾಗಿತ್ತು. ಕೂತಿದ್ದು ಅರ್ಧ ಗಂಟೆ. ಆಮೇಲೆ “ಲೈನ್ ಕಟ್ಟು! ಲೈನ್ ಕಟ್ಟಮ್ಮ! ಮೂಲೆ ಬುಟ್ಕೊಟ್ಯಲ್ಲ!” ಅಂತ ಶುರುವಾದ ಮೇಲೆ ಪರಮೇಶ್ ಎರಡು ಸಲ ಎಚ್ಚರಿಕೆ ಕೊಟ್ಟರು. ಆದರೆ ರೀ, ಅವರು ಹೇಳಿದ ಹಾಗೆ ಲೈನ್ ಕಟ್ಟಿದ ಮೇಲೇ ನಮಗೊಂದು ಪಾಯಿಂಟು ಬಂದಿದ್ದು. ಕೊನೆಗೆ ಇಬ್ಬರದೂ ಒಂದೊಂದು. ನನಗೆ ಒಂದು ಸರದಿ ಉಳಿದಿದೆ, ಆಮೇಲೆ ಅವರಿಗೊಂದು, ಆಟ ಮುಗಿಯಿತು. ಚೆಂಡು ಕುಳ್ಳನ ಹತ್ತಿರ, ಕುಳ್ಳ ಟ್ರೋಲಿನ ಪಕ್ಕದಲ್ಲಿ, ಮುಂದೆ ಎಲ್ಫ್‌ಗಳ ಗೋಡೆ. ಎಸೆದರೆ ಗೆದ್ದೆವು. ತಿಪ್ಪೇಶ್ ನಿಂತಲ್ಲೇ ಕುಣಿಯುತ್ತಿದ್ದ. ಮೊದಲ ದಾಳ ನಾನು ಹಾಕಿದೆ, ಟ್ರೋಲಿಗೆ ಕೆಲಸ ನೆನಪಿದೆ. ಇನ್ನು ಹಸಿವಿನ ದಾಳ. ಒಂದು ಬೀಳಬಾರದು, ಅಷ್ಟೇ. ಮಾವ ಎದ್ದು ಬಂದು, “ಇದೊಂದು ನಾನಾಕ್ಲಾ?” ಅಂದರು. ಶಾಲೆಯ ಮಕ್ಕಳು ಕೇಳುವ ಹಾಗೆ. ಪರಮೇಶ್ ಲೋಹಿತಾ ಮುಖ ನೋಡಿದರು. ಲೋಹಿತಾ, “ಹಾಕಿ ಸರ್” ಅಂದರು.

ದಾಳವನ್ನ ಎರ್ರಾಬಿರ್ರಿ ಕುಲುಕಿ ಹಾಕಿದರು. ಉರುಳಿತು. ಒಂದು.

ಇಡೀ ಹಾಲು ಅಯ್ಯೋ ಅಂತು. ಚೆಂಡು ನೆಲಕ್ಕೆ, ಎಲ್ಫ್ ಎತ್ತಿಕೊಂಡು ಓಡಿದ, ನಾವು ಸೋತೆವು. ನಾನು ಅದನ್ನೆಲ್ಲ ನೋಡಲೇ ಇಲ್ಲ. ಮಾವ ಟೇಬಲ್ ಹಿಡಿದು ನಿಂತಿದ್ದರು. “ತಿಂದ್ಬುಟ್ಲು!” ಅಂದರು. ನಗು ಬಂತು. “ತಿಂದ್ಬುಟ್ಲು ಕಣಮ್ಮ, ನನ್ನ ತಿಂದ್ಬುಟ್ಲು! ಪೂರ್ತಿ ತಿಂದ್ಬುಟ್ಲು!” ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ, ನೋಡಿದವರೂ ನಗುತ್ತಿದ್ದಾರೆ, ತಿಪ್ಪೇಶ್ ಸೋತ ಸಂಕಟದಲ್ಲೂ ನಗುತ್ತಿದ್ದಾನೆ. ಯಾವಾಗ ಆ ನಗು ಬೇರೆಯಾಯಿತೋ ನನಗೆ ಗೊತ್ತಾಗಲಿಲ್ಲ. ಭುಜ ಹಾಗೇ ಅಲುಗುತ್ತಿತ್ತು, ಸದ್ದು ಬದಲಾಗಿತ್ತು. ಅತ್ತೆಯನ್ನ ಮಣ್ಣು ಮಾಡಿದ ದಿನವೂ ಅಳದವರು, ಮಧುಗಿರಿಯ ಟ್ಯುಟೋರಿಯಲ್ಲಿನ ಬೆಂಚಿನ ಮೇಲೆ ಕೂತು, ಗುರುತಿಲ್ಲದವರ ಮುಂದೆ, ಮುಖ ಮುಚ್ಚಿಕೊಂಡು ಅತ್ತರು. ನಾನು ಪಕ್ಕದಲ್ಲಿ ಕೂತೆ, ಬೆನ್ನ ಮೇಲೆ ಕೈಯಿಟ್ಟೆ. ಸೊಸೆ ಮಾವನ ಬೆನ್ನ ಮೇಲೆ ಕೈಯಿಡಬಹುದೋ ಇಲ್ಲವೋ, ಇಟ್ಟೆ. ಲೋಹಿತಾ ನೀರು ತಂದುಕೊಟ್ಟು ಏನೂ ಕೇಳದೆ ಹೋದರು, ಒಳ್ಳೇ ಹೆಣ್ಣುಮಗಳು.

ಬಹುಮಾನದ ಕಥೆ ಕೇಳಿ. ಗೆದ್ದವರ ಕಪ್ ಲೋಹಿತಾಗೆ ಹೋಯಿತು. ಬಂದವರೆಲ್ಲ ಓಟು ಹಾಕಿ ಒಳ್ಳೇ ಕಳೆಯಿರುವ ಒಂದು ಗೊಂಬೆಯನ್ನ ಆರಿಸುವುದೂ ಇತ್ತು, ಅದು ನಮ್ಮದಕ್ಕೆ ಬಂತು. ಪರಮೇಶ್ ಸರ್ ಇಂಗ್ಲಿಷಿನಲ್ಲಿ ಬೆಸ್ಟ್ ಕ್ಯಾರೆಕ್ಟರ್ ಅಂತ ಇದ್ದಿದ್ದನ್ನ ಮೊಬೈಲಿಗೆ ಹಾಕಿ ಕನ್ನಡ ಮಾಡಿಸಿ ಪ್ರಿಂಟ್ ಹೊಡೆಸಿದ್ದಾರೆ. ದೊಡ್ಡ ಅಕ್ಷರದಲ್ಲಿ ‘ಉತ್ತಮ ಚಾರಿತ್ರ್ಯಕ್ಕಾಗಿ ಈ ಪ್ರಶಸ್ತಿ’! ಆಗತಾನೇ ತನ್ನ ತಂಡದವನನ್ನೇ ಮೀಸೆ ಸಮೇತ ತಿಂದು ಮುಗಿಸಿದವಳಿಗೆ! ಮಾವ ಕಣ್ಣೊರೆಸಿಕೊಂಡು ವೇದಿಕೆಗೆ ಹೋಗಿ ಸರ್ಟಿಫಿಕೇಟ್ ತೆಗೆದುಕೊಂಡು, ಎಲ್ಲರಿಗೂ ಕೇಳುವ ಹಾಗೆ, ಮೈಕಿಲ್ಲದೆ, “ಬದುಕಿದ್ದಾಗ್ಲೇ ಕೊಡ್ಬೇಕಾಗಿತ್ತು” ಅಂದರು. ಚಪ್ಪಾಳೆ ನಿಲ್ಲಲಿಲ್ಲ.

ಬಸ್ಸು ಮಿಡಿಗೇಶಿ ದಾಟಿತು. ಆಮೇಲೆ ಶುರು. ಅತ್ತೆ ಮೊದಲ ಸಲ ಸೈಕಲ್ ಹತ್ತಿ ಹುಣಸೇಮರಕ್ಕೆ ಗುದ್ದಿದ್ದು, ನಿಮಗೆ ಯುವರಾಜ ಅಂತ ಹೆಸರಿಡಲು ಇಡೀ ಊರಿನ ಹತ್ತಿರ ಜಗಳ ಆಡಿದ್ದು, ಪ್ಲಾಂಟಿಗೆ ಜಮೀನು ಕೊಡುವಾಗ ಆಫೀಸರನ್ನ ಕೂರಿಸಿ ಮೂರು ಸಲ ಓದಿಸಿದ್ದು. ಪಾವಗಡ ಬಂದರೂ ಮುಗಿದಿರಲಿಲ್ಲ, ಇವತ್ತಿಗೂ ಮುಗಿದಿಲ್ಲ. ನೋವಾಗುತ್ತೆ ಅಂತ ನಾವು ಬಾಯಿ ಮುಚ್ಚಿಕೊಂಡಿದ್ದೆವಲ್ಲ, ಅವರಿಗೆ ಬೇಕಾಗಿದ್ದು ಕೇಳುವವರು. ನಿನ್ನೆ ಅವಲಕ್ಕಿಗೆ ಉಪ್ಪು ಜಾಸ್ತಿ ಅಂತ ನನ್ನನ್ನೇ ಬೈದರು ರೀ. ಎಷ್ಟು ಸಮಾಧಾನವಾಯಿತು ಅಂತೀರಿ.

ತಿಪ್ಪೇಶ್ ನಿಮ್ಮನ್ನ ಕೇಳಿದೆ ಅನ್ನಿ ಅಂದ, ಅವನ ಬೆರಳು ವಾಸಿಯಾಗಿದೆ. ಇಂದ್ರಮ್ಮ ನಿಮ್ಮನ್ನ ವಿಚಾರಿಸಿದರು, ಕಡ್ಲೆಕಾಯಿ ಕಳಿಸಲಾ ಅಂತ ಕೇಳುತ್ತಿದ್ದಾರೆ. ಮಾವ ನಿಮಗೆ ಆಶೀರ್ವಾದ ತಿಳಿಸು ಅನ್ನಲಿಲ್ಲ, ‘ಅವ್ನಿಗೆ ಬೆಳಿಗ್ಗೆ ಓಡಕ್ಕೇಳು, ಹೊಟ್ಟೆ ಬಂದಿರ್ತದೆ’ ಅಂದರು. ಆಶೀರ್ವಾದ ಅಂತಲೇ ತಿಳಿಯಿರಿ. ಸ್ವೆಟರಿನ ಒಳಗೆ ಬನಿಯನ್ ಹಾಕಿಕೊಳ್ಳಿ. ಉಳಿದ ಪ್ರೀತಿಯೆಲ್ಲ ನನ್ನದೇ, ಅದನ್ನ ಬರೆಯಲು ಹಾಳೆ ಸಾಲದು.

ನಿಮ್ಮ
ಸಹನಾ

ತಾ.ಕ.: ಪತ್ರ ಡಬ್ಬಕ್ಕೆ ಹಾಕಲು ತಿಪ್ಪೇಶ್ ಬಾಗಿಲಲ್ಲಿ ಕಾಯುತ್ತಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೀನಿ, ಆದರೆ ಈ ಪತ್ರ ಬರೆದಿದ್ದೇ ಇದಕ್ಕೆ. ಮುಂದಿನ ತಿಂಗಳಿಗೆ ಅತ್ತೆ ಹೋಗಿ ವರ್ಷ. ಸಮಾಧಿ ಹತ್ತಿರ ವರ್ಷದ ವಂದನೆ ಇಡೋಣವಾ ಅಂತ ನಿಮ್ಮ ಚಿಕ್ಕಪ್ಪ ಕೇಳಿದಾಗೆಲ್ಲ ಮಾವ ಎದ್ದು ಹೋಗುತ್ತಿದ್ದರು, ನಿಮಗೆ ಹೇಳಿರಲಿಲ್ಲ. ಇವತ್ತು ಕಾಪಿ ಕುಡಿಯುತ್ತಾ ತಾವಾಗೇ ಅಂದರು: “ಅವ್ಳಿರೋ ಜಾಗದ ಸುತ್ತ ಜಾಲಿ ಬೆಳ್ಕಂಡಿರ್ತದೆ. ನಾನೊಬ್ನೇ ಹೋಗಕೆ ಕಾಲೇ ಬರಾಕಿಲ್ಲ. ಯುವ ಬಂದ್ರೆ ಇಬ್ರೂ ಹೋಗಿ ಕಡ್ದು ಹಸನು ಮಾಡಾನ.” ನಿಮ್ಮನ್ನ ಕರೆಸು ಅಂತ ಅವರು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ರಜೆ ಹಾಕಿ. ಕೊಡಲ್ಲ ಅಂದರೆ ನಿಮ್ಮ ಮ್ಯಾನೇಜರ್ ನಂಬರ್ ಕಳಿಸಿ, ಮಾವ ಮಾತಾಡುತ್ತಾರಂತೆ.